ಜುಡೊ: ಎಸೆಯುವ ಮೊದಲು ಹಿಡಿಯುವ ಪಾಠ

(ಸುವರ್ಣ ಮಹೋತ್ಸವದ ಎರಡನೇ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ಕಂಪ್ಯೂಟರ್ ಬಗ್ಗೆ ಮಾತಾಡು ಎಂದು ಸಮಿತಿಯವರು ಹೇಳಿದ್ದರು. ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನನ್ನು ಕರೆದರೆ ಇನ್ನೇನು ಹೇಳಿಸುತ್ತಾರೆ? ಆದರೆ ಕಂಪ್ಯೂಟರ್ ಬಗ್ಗೆ ನನಗಿಂತ ಚೆನ್ನಾಗಿ ಈಗ ಮಕ್ಕಳೇ ಮೊಬೈಲಿನಲ್ಲಿ ನೋಡಿಕೊಳ್ಳುತ್ತಾರೆ. ಹಾಗಾಗಿ ಅನುಮತಿ ಕೇಳಿ ವಿಷಯ ಬದಲಿಸಿಕೊಂಡಿದ್ದೇನೆ. ಕಾರಣವನ್ನೂ ಮೊದಲೇ ಹೇಳಿಬಿಡುತ್ತೇನೆ. ಮಹೋತ್ಸವದ ಖರ್ಚೆಲ್ಲ ಕಳೆದು ಉಳಿಯುವ ಹಣದಲ್ಲಿ ರಸ್ತೆಗೆ ಸ್ವಾಗತ ಕಮಾನು ಕಟ್ಟಿಸುವುದೋ, ಶಾಲೆಗೆ ಜುಡೊ ಚಾಪೆ ತರಿಸುವುದೋ ಎಂದು ಸಮಿತಿಯಲ್ಲಿ ಚರ್ಚೆ ನಡೆದಿದೆ. ಚಾಪೆಯ ಮಾತು ಎತ್ತಿದವನು ನಾನೇ. ‘ಅದೇನಪ್ಪ ಜುಡೊ, ಅಂಗಿ ಹಿಡ್ಕಂಡು ಕಿತ್ತಾಡದಾ?’ ಎಂದು ನಿನ್ನೆ ಸಂಜೆ ಒಬ್ಬರು ಹಿರಿಯರು ಕೇಳಿದರು. ಹೌದು, ಅಂಗಿ ಹಿಡಿದುಕೊಂಡು ಕಿತ್ತಾಡುವುದೇ. ಹೇಗೆ ಹಿಡಿಯಬೇಕು ಎನ್ನುವುದರಲ್ಲೇ ಆ ವಿದ್ಯೆಯ ಅರ್ಧಕ್ಕಿಂತ ಹೆಚ್ಚು ಇದೆ. ಅಷ್ಟನ್ನು ಮಾತ್ರ ಈ ಹೊತ್ತು ಹೇಳುತ್ತೇನೆ.

ನಮ್ಮ ಭಾಷೆಯಲ್ಲಿ ಪಟ್ಟು ಎನ್ನುವ ಮಾತಿದೆ. ಗರಡಿಯಲ್ಲಿ ಹಿಡಿತಕ್ಕೂ ಪಟ್ಟು ಎನ್ನುತ್ತಾರೆ, ಆ ಹಿಡಿತದಿಂದ ಕೆಡಹುವ ವರಸೆಗೂ ಪಟ್ಟು ಎನ್ನುತ್ತಾರೆ. ಹಠ ಮಾಡಿದರೆ ಪಟ್ಟು ಹಿಡಿದ ಎನ್ನುತ್ತೇವೆ. ಮಣ್ಣಿನಲ್ಲಿ ಆಡಿದವರು ಮಾಡಿದ ಮಾತು ಇದು, ಸುಮ್ಮನೆ ಬಂದದ್ದಲ್ಲ. ನಮ್ಮ ಜಿಲ್ಲೆಗೂ ಈ ವಿಷಯಕ್ಕೂ ಹಳೆಯ ನಂಟಿದೆ. ವಿಜಯದಶಮಿಯ ದಿನ ಮೈಸೂರು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗಕ್ಕೆ ಮೈಸೂರು, ಬೆಂಗಳೂರು, ಚನ್ನಪಟ್ಟಣದ ಜಟ್ಟಿಗಳ ಜೊತೆ ಚಾಮರಾಜನಗರದ ಜಟ್ಟಿಗಳೂ ಇಳಿಯುತ್ತಾರೆ. ತಲೆ ಬೋಳಿಸಿಕೊಂಡು, ಒಂದು ಕೈಗೆ ವಜ್ರಮುಷ್ಟಿ ತೊಟ್ಟು ನಿಲ್ಲುತ್ತಾರೆ. ಒಬ್ಬರ ತಲೆಯಿಂದ ರಕ್ತ ಬಂದ ಕೂಡಲೇ ಕಾಳಗ ಮುಗಿಯುತ್ತದೆ. ನೋಡುವವರ ಕಣ್ಣೆಲ್ಲ ಆಯುಧದ ಕೈ ಮೇಲೆ ಇರುತ್ತದೆ. ಮುಂದಿನ ದಸರಾದಲ್ಲಿ ಟಿ.ವಿ.ಯಲ್ಲಿ ತೋರಿಸಿದಾಗ ಇನ್ನೊಂದು ಕೈಯನ್ನು, ಬರಿಗೈಯನ್ನು, ನೋಡಿ. ಎದುರಾಳಿಯ ಕೈ ತನ್ನ ತಲೆಗೆ ಬರದಂತೆ ತಡೆಯುವ ಪಾಡು ಅದರದು.

ನಾಡಕುಸ್ತಿಯಲ್ಲಿ ಮೈಮೇಲೆ ಬಟ್ಟೆ ಇಲ್ಲ. ಕತ್ತು ಹಿಡಿಯುತ್ತಾರೆ, ಮಣಿಕಟ್ಟು ಹಿಡಿಯುತ್ತಾರೆ, ತೊಡೆ ಹಿಡಿಯುತ್ತಾರೆ, ಕಾಚ ಹಿಡಿಯುತ್ತಾರೆ. ಬೆವರಿಗೆ ಕೈ ಜಾರುತ್ತದೆ, ಅದಕ್ಕೇ ಮಟ್ಟಿಯ ಮಣ್ಣು ಮೈಗೆ ಎರಚಿಕೊಳ್ಳುವುದು. ಜುಡೊದಲ್ಲಿ ದಪ್ಪ ಹತ್ತಿಯ ಅಂಗಿ ಇರುತ್ತದೆ. ನಮ್ಮ ಗೋಣಿ ತಾಟಿನಷ್ಟು ಗಟ್ಟಿ ನೇಯ್ಗೆ. ಇಬ್ಬರು ಎಳೆದಾಡಿದರೂ ಹರಿಯುವುದಿಲ್ಲ. ಆ ಬಟ್ಟೆಯೇ ಹಿಡಿ, ಅದೇ ಹಗ್ಗ, ಅದೇ ಲಗಾಮು.

ಈ ಆಟವನ್ನು ಕಟ್ಟಿದವರು ಜಿಗೊರೊ ಕಾನೊ ಎಂಬ ಜಪಾನಿನ ಮೇಷ್ಟ್ರು. 1882ರಲ್ಲಿ ಟೋಕಿಯೊದ ಐಶೋಜಿ ಎಂಬ ಬೌದ್ಧ ದೇವಾಲಯದಲ್ಲಿ ಜಾಗ ಕೇಳಿ, ಅಲ್ಲಿ ಶುರು ಮಾಡಿದರು. ಅವರಿಗೆ ಆಗ ಇನ್ನೂ ಇಪ್ಪತ್ತೆರಡು ತುಂಬಿರಲಿಲ್ಲ. ಹಾಸಿದ್ದ ಚಾಪೆ 12. ಒಂದೊಂದು ಚಾಪೆ ಸುಮಾರು ಆರಡಿ ಉದ್ದ, ಮೂರಡಿ ಅಗಲ. ಲೆಕ್ಕ ಹಾಕಿ ನೋಡಿ, ನಮ್ಮ 8ನೇ ತರಗತಿಯ ಕೋಣೆಗಿಂತ ಚಿಕ್ಕ ಜಾಗ. 1964ರ ಟೋಕಿಯೊ ಒಲಿಂಪಿಕ್ಸಿಗೆ ಹೋದ ಆಟ, 1992ರಿಂದ ಹೆಣ್ಣುಮಕ್ಕಳಿಗೂ ಒಲಿಂಪಿಕ್ ಪದಕ ಕೊಡುತ್ತಿರುವ ಆಟ, ಅಷ್ಟು ಜಾಗದಲ್ಲಿ ಹುಟ್ಟಿತು. ಸಮಿತಿಯ ಮುಂದೆ ನಾನು ಇಟ್ಟಿರುವ ಕೋರಿಕೆಯೂ ಅದಕ್ಕಿಂತ ಬಹಳ ದೊಡ್ಡದೇನಲ್ಲ.

ದೊಡ್ಡವರ ಪಂದ್ಯ 4 ನಿಮಿಷದ್ದು. ಎದುರಾಳಿಯನ್ನು ವೇಗವಾಗಿ, ಬಲವಾಗಿ, ಬೆನ್ನಿನ ಮೇಲೆ ಬೀಳುವಂತೆ ಎಸೆದರೆ ಇಪ್ಪೊನ್, ಪಂದ್ಯ ಅಲ್ಲಿಗೇ ಮುಗಿಯಿತು. ನೆಲದ ಮೇಲೆ 20 ಸೆಕೆಂಡು ಅದುಮಿ ಹಿಡಿದರೂ ಇಪ್ಪೊನ್. ಎಸೆತ ಒಂದೆರಡು ಸೆಕೆಂಡಿನ ಕೆಲಸ. ಟಿ.ವಿ.ಯಲ್ಲಿ ಮತ್ತೆ ಮತ್ತೆ ತೋರಿಸುವುದು ಅದನ್ನೇ. ಉಳಿದ ಹೊತ್ತು ಅವರಿಬ್ಬರೂ ಏನು ಮಾಡುತ್ತಿರುತ್ತಾರೆ? ಕೋಳಿಗಳು ಕೊಕ್ಕು ಚಾಚಿದಂತೆ ಕೈ ಚಾಚುವುದು, ಕೊಡವುವುದು, ಹಿಡಿಯುವುದು, ಬಿಡಿಸಿಕೊಳ್ಳುವುದು. ಹೊಸಬರಿಗೆ ಬೇಸರ ತರಿಸುವ ಭಾಗ ಇದು. ನನಗೂ ಮೊದಲ ತಿಂಗಳು, ಇವರು ಯಾವಾಗ ಆಟ ಶುರು ಮಾಡುತ್ತಾರೋ ಅನ್ನಿಸುತ್ತಿತ್ತು. ಆಟ ನಡೆಯುತ್ತಿದ್ದದ್ದೇ ಅಲ್ಲಿ. ಜಪಾನಿನವರು ಇದಕ್ಕೆ ಕುಮಿಕಟಾ ಎನ್ನುತ್ತಾರೆ. ನಾವು ಹಿಡಿತದ ಹೋರಾಟ ಎನ್ನೋಣ.

ಮೊದಲು ಸರಳವಾದ ಹಿಡಿತ ಹೇಳುತ್ತೇನೆ. ಮಕ್ಕಳು ಪಕ್ಕದವರ ಅಂಗಿ ಹಿಡಿದು ನೋಡಬಹುದು, ಗುಂಡಿ ಮಾತ್ರ ಕೀಳಬೇಡಿ. ಬಲಗೈ ಬಳಸುವವರು ಬಲಗೈಯಿಂದ ಎದುರಿನವರ ಎಡ ಎದೆಪಟ್ಟಿಯನ್ನು, ಕೊರಳ ಎಲುಬಿನ ಮಟ್ಟದಲ್ಲಿ ಹಿಡಿಯಬೇಕು. ಎಡಗೈಯಿಂದ ಅವರ ಬಲತೋಳಿನ ಬಟ್ಟೆಯನ್ನು ಮೊಣಕೈ ಹತ್ತಿರ ಹಿಡಿಯಬೇಕು. ಎದೆಯ ಮೇಲಿನದು ಎತ್ತುವ ಕೈ, ತೋಳಿನ ಮೇಲಿನದು ಎಳೆಯುವ ಕೈ. ಎಳೆಯುವ ಕೈಯನ್ನು ಹೇಗೆ ಎಳೆಯಬೇಕು ಎಂದರೆ, ಕೈಗಡಿಯಾರದಲ್ಲಿ ಗಂಟೆ ನೋಡುವ ಹಾಗೆ, ಮಣಿಕಟ್ಟು ತಿರುಗಿಸಿ ಮೇಲಕ್ಕೆ. ಎತ್ತುವ ಕೈಯ ಮೊಣಕೈ ಮಾತ್ರ ಕೆಳಗೇ, ಎದುರಾಳಿಯ ಎದೆಗೆ ಹತ್ತಿರವಾಗಿ ಇರಬೇಕು.

ಹಿಡಿಯುವುದು ಯಾವ ಬೆರಳಿನಿಂದ? ಈ ಪ್ರಶ್ನೆಗೆ ನಮ್ಮ ಊರಿನವರು ಬೇಗ ಉತ್ತರ ಹೇಳಬಲ್ಲರು ಅಂದುಕೊಂಡಿದ್ದೇನೆ. ಹಾಲು ಕರೆಯುವಾಗ ಮೊದಲು ಹೆಬ್ಬೆರಳು ತೋರುಬೆರಳು ಬಿಗಿಯುತ್ತೇವೆ, ಆಮೇಲೆ ಉಳಿದವು ಒಂದೊಂದಾಗಿ ಬರುತ್ತವೆ. ಜುಡೊದಲ್ಲಿ ಇದು ತಿರುಗುಮುರುಗು. ಕಿರುಬೆರಳು, ಉಂಗುರದ ಬೆರಳು, ನಡುಬೆರಳು ಈ ಮೂರು ಬಿಗಿ. ಹೆಬ್ಬೆರಳು ತೋರುಬೆರಳು ಸುಮ್ಮನೆ ಜೊತೆಗಿರುತ್ತವೆ. ಗುದ್ದಲಿ ಹಿಡಿದು ಅರ್ಧ ದಿನ ಅಗೆದವರು ಇದನ್ನು ಯಾರೂ ಹೇಳಿಕೊಡದೆಯೇ ಕಲಿತಿರುತ್ತಾರೆ. ಹೆಬ್ಬೆರಳಿನಿಂದ ಗಟ್ಟಿಯಾಗಿ ಹಿಡಿದರೆ ಮುಂದೋಳೆಲ್ಲ ಬಿಗಿಯಾಗುತ್ತದೆ, ಎರಡು ನಿಮಿಷಕ್ಕೆ ಕಲ್ಲಾಗುತ್ತದೆ, ಮೂರನೇ ನಿಮಿಷ ಬೆರಳು ತಾನಾಗಿ ತೆರೆದುಕೊಳ್ಳುತ್ತದೆ. ಕೈ ಕೊಕ್ಕೆಯಾಗಬೇಕು, ಇಕ್ಕಳವಾಗಬಾರದು ಎಂದು ನನ್ನ ತರಬೇತುದಾರರು ಹೇಳುತ್ತಿರುತ್ತಾರೆ.

ಹೊಸದಾಗಿ ಬಂದವರೆಲ್ಲ ಒಂದೇ ರೀತಿ ನಿಲ್ಲುತ್ತಾರೆ: ಎರಡೂ ತೋಳು ನೆಟ್ಟಗೆ, ಸೊಂಟ ಹಿಂದಕ್ಕೆ, ತಲೆ ಮುಂದಕ್ಕೆ, ಗುಮ್ಮುವ ಎತ್ತುಗಳ ಹಾಗೆ. ಬೀಳಬಾರದು ಎನ್ನುವ ಭಯ ಅದು. ತೋಳು ನೆಟ್ಟಗಿದ್ದರೆ ಎದುರಾಳಿ ಹತ್ತಿರ ಬರಲಾರ, ನಿಜ. ನಾವೂ ಅವನ ಹತ್ತಿರ ಹೋಗಲಾರೆವು. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಬಿಗಿದ ತೋಳಿಗೆ ಸುದ್ದಿ ತಲುಪುವುದಿಲ್ಲ. ಎದುರಾಳಿ ಯಾವ ಕಾಲಿನ ಮೇಲೆ ಭಾರ ಹಾಕಿದ್ದಾನೆ, ಉಸಿರು ಬಿಡುತ್ತಿದ್ದಾನೋ ಎಳೆಯುತ್ತಿದ್ದಾನೋ, ಈಗ ಮುಂದೆ ಬರುತ್ತಾನೋ ಹಿಂದೆ ಸರಿಯುತ್ತಾನೋ, ಇದೆಲ್ಲ ಬಟ್ಟೆಯ ಮೂಲಕ ಬೆರಳಿಗೆ ಬರುತ್ತದೆ. ಹೊಲದಲ್ಲಿ ನೆಟ್ಟ ಗೂಟ ಕೀಳುವಾಗ ಯಾರೂ ನೇರವಾಗಿ ಎಳೆಯುವುದಿಲ್ಲ. ಮೊದಲು ಆ ಕಡೆ ಈ ಕಡೆ ಅಲ್ಲಾಡಿಸಿ, ಎಲ್ಲಿ ಸಡಿಲ ಇದೆ ಎಂದು ಕೈಯಲ್ಲೇ ತಿಳಿದು, ಆ ಕಡೆ ಎಳೆಯುತ್ತೇವೆ. ಜುಡೊದಲ್ಲಿ ತೂಕ ತಪ್ಪಿಸುವುದು ಎನ್ನುವುದು ಇದೇ. ಕುಜುಷಿ ಅಂತ ಅದರ ಹೆಸರು. ಹಿಡಿತ ಸರಿಯಿಲ್ಲದೆ ಕುಜುಷಿ ಇಲ್ಲ, ಕುಜುಷಿ ಇಲ್ಲದೆ ಎಸೆತ ಇಲ್ಲ.

ಇಷ್ಟೂ ಎದುರಿನವರು ಸುಮ್ಮನೆ ನಿಂತು ಹಿಡಿಸಿಕೊಂಡರೆ. ಅವರೇಕೆ ಹಿಡಿಸಿಕೊಳ್ಳುತ್ತಾರೆ?

ನಾನು ಬೆಂಗಳೂರಿನಲ್ಲಿ ವಾರಕ್ಕೆ ಮೂರು ಸಂಜೆ ಅಭ್ಯಾಸಕ್ಕೆ ಹೋಗುತ್ತೇನೆ. ಮೂವತ್ತು ದಾಟಿದ ಮೇಲೆ ಸೇರಿದವನು, ಇನ್ನೂ ಕಿತ್ತಳೆ ಬಣ್ಣದ ಪಟ್ಟಿಯವನು, ಇದರಲ್ಲಿ ದೊಡ್ಡ ಸಾಧನೆ ಏನೂ ಇಲ್ಲ. ಅಲ್ಲಿಗೆ ಪಿಯುಸಿ ಓದುವ ಒಬ್ಬ ಹುಡುಗಿ ಬರುತ್ತಾಳೆ. ಅವಳ ತೂಕ 52 ಕೆ.ಜಿ., ನನ್ನದು 78. ಅಭ್ಯಾಸದಲ್ಲಿ ಅವಳು ಮಾಡುವುದು ಒಂದೇ ಕೆಲಸ. ನಾನು ಬಲಗೈ ಚಾಚುವ ಮೊದಲೇ ಅವಳ ಎಡಗೈ ನನ್ನ ಬಲತೋಳಿನ ಬಟ್ಟೆಯ ಮೇಲೆ ಇರುತ್ತದೆ. ಅಷ್ಟೇ. ಆ ಕೈಯನ್ನು ಅವಳು ಕೆಳಕ್ಕೆ, ನನ್ನ ಹೊಟ್ಟೆಯ ಕಡೆಗೆ ಒತ್ತಿ ಹಿಡಿಯುತ್ತಾಳೆ. ನನ್ನ ಎತ್ತುವ ಕೈ ಅವಳ ಎದೆಪಟ್ಟಿಗೆ ತಲುಪುವುದೇ ಇಲ್ಲ. 26 ಕೆ.ಜಿ. ಹೆಚ್ಚು ತೂಕ ಇದ್ದೂ ನಾನು ಒಂಟಿಗೈ ಬಂಟ. ಅವಳು ನಿಧಾನವಾಗಿ, ಅವಸರವೇ ಇಲ್ಲದೆ, ಇನ್ನೊಂದು ಕೈಯಿಂದ ತನಗೆ ಬೇಕಾದ ಜಾಗ ಹಿಡಿದುಕೊಳ್ಳುತ್ತಾಳೆ. ಆಮೇಲೆ ನನಗೆ ಕಾಣಿಸುವುದು ಮೇಲ್ಛಾವಣಿ.

ಹಿಡಿತದ ಹೋರಾಟದ ಮೊದಲ ಪಾಠ ಅವಳ ಆ ಎಡಗೈಯಲ್ಲಿದೆ. ಎದುರಾಳಿಯ ಬಲವಾದ ಕೈ ಯಾವುದೋ ಅದನ್ನು ಮೊದಲು ಕೆಲಸಕ್ಕೆ ಬಾರದಂತೆ ಮಾಡು, ಆಮೇಲೆ ನಿನ್ನದನ್ನು ಇಡು. ಅವನ ಎರಡೂ ಕೈ ಕೂತು ನಿನ್ನದು ಒಂದೇ ಕೂತಿದ್ದರೆ ಅಲ್ಲಿ ಒಂದು ಕ್ಷಣವೂ ನಿಲ್ಲಬೇಡ, ಬಿಡಿಸಿಕೊ ಇಲ್ಲವೇ ಸರಿದು ಹೊಸದಾಗಿ ಶುರು ಮಾಡು. ದೂರದಿಂದ ಕೈ ಮಾತ್ರ ಚಾಚಬೇಡ. ಕೈ ಹೋದ ಕಡೆ ಕಾಲೂ ಹೋಗಬೇಕು. ಕಬಡ್ಡಿಯಲ್ಲಿ ಹಿಡಿಯುವವರು ಬಗ್ಗಿ ಕೈ ಮಾತ್ರ ಚಾಚಿದರೆ ರೈಡರ್ ಮುಟ್ಟಿಕೊಂಡು ಹೋಗುತ್ತಾನಲ್ಲ, ಹಾಗೆಯೇ ಇದು.

ಇಬ್ಬರೂ ಬಲಗೈಯವರಾದರೆ ಅದಕ್ಕೆ ಐಯೊತ್ಸು ಎನ್ನುತ್ತಾರೆ, ಹೊಂದಿಕೆಯ ಹಿಡಿತ. ಇಲ್ಲಿ ಯಾರ ಕೈ ಮೊದಲು ಕೂತಿತು ಎನ್ನುವುದೇ ಮುಖ್ಯ. ಒಬ್ಬರು ಬಲಗೈ, ಇನ್ನೊಬ್ಬರು ಎಡಗೈ ಆದರೆ ಕೆಂಕಾಯೊತ್ಸು. ಕೆಂಕಾ ಎಂದರೆ ಜಪಾನಿ ಭಾಷೆಯಲ್ಲಿ ಜಗಳ. ಹೆಸರಿಗೆ ತಕ್ಕ ಹಾಗೆ ಎರಡೂ ಎತ್ತುವ ಕೈಗಳು ಒಂದೇ ಬದಿಯಲ್ಲಿ ಎದುರುಬದುರಾಗುತ್ತವೆ. ಯಾರ ಮೊಣಕೈ ಒಳಗೆ, ಯಾರದು ಹೊರಗೆ ಎಂದು ತಿಕ್ಕಾಟ. ಎಳೆಯುವ ಕೈಗಳಿಗೆ ತೋಳುಬಟ್ಟೆ ದೂರ, ಆ ಒಂದು ತೋಳಿಗಾಗಿ ಅರ್ಧ ಪಂದ್ಯ ಕಳೆದುಹೋಗುತ್ತದೆ. ನಮ್ಮಲ್ಲಿ ಎಡಚರಾದ ಮಕ್ಕಳನ್ನು ಬಯ್ದು ಬಲಗೈಗೆ ತಿರುಗಿಸುವ ಅಭ್ಯಾಸ ಇನ್ನೂ ಇದೆ. ಜುಡೊದಲ್ಲಿ ಎಡಚನಿಗೆ ಬೆಲೆ ಜಾಸ್ತಿ ಸ್ವಾಮಿ. ಎಲ್ಲರೂ ಬಲಗೈಯವರ ಜೊತೆ ಅಭ್ಯಾಸ ಮಾಡಿರುತ್ತಾರೆ, ಎಡಚ ಎದುರಾದರೆ ಲೆಕ್ಕ ತಪ್ಪುತ್ತದೆ.

ಇನ್ನು ಬಿಡಿಸಿಕೊಳ್ಳುವುದು. ಎದುರಾಳಿ ನನ್ನ ತೋಳುಬಟ್ಟೆ ಹಿಡಿದಿದ್ದಾನೆ ಎಂದಿಟ್ಟುಕೊಳ್ಳಿ. ಕೈಯನ್ನು ಸುಮ್ಮನೆ ಹಿಂದಕ್ಕೆಳೆದರೆ ಅವನೂ ಎಳೆಯುತ್ತಾನೆ, ಹಗ್ಗ ಜಗ್ಗಾಟವಾಗುತ್ತದೆ, ಯಾರಿಗೆ ಬಲ ಇದೆಯೋ ಅವರು ಗೆಲ್ಲುತ್ತಾರೆ. ಎಂಥ ಮುಷ್ಟಿಗೂ ಒಂದು ಬಾಗಿಲಿದೆ. ಹೆಬ್ಬೆರಳಿನ ತುದಿ ಮತ್ತು ಉಳಿದ ಬೆರಳುಗಳ ತುದಿ ಕೂಡುವ ಜಾಗವೇ ಆ ಬಾಗಿಲು. ತೋಳು ಆ ಕಡೆಗೆ ಹೊರಳಬೇಕು. ಹೊರಳುವುದು ಬರೀ ತೋಳಿನಿಂದಲ್ಲ, ಸೊಂಟದಿಂದ, ಒಂದೇ ಏಟಿಗೆ. ಬಟ್ಟೆ ಸಡಿಲವಿದ್ದರೆ ಏಟು ಬಟ್ಟೆಯಲ್ಲೇ ಕರಗುತ್ತದೆ. ಆದ್ದರಿಂದ ಮೊದಲು ಬಿಗಿ ಮಾಡಿಕೊಂಡು ಆಮೇಲೆ ಹೊಡೆಯಬೇಕು. ಎದೆಪಟ್ಟಿ ಹಿಡಿದಿದ್ದರೆ ಅವನ ಮಣಿಕಟ್ಟಿನ ಬಳಿ ಬಟ್ಟೆ ಹಿಡಿದು, ಆ ಕೈಯನ್ನು ಅಲ್ಲೇ ನಿಲ್ಲಿಸಿ, ನಮ್ಮ ಎದೆಯನ್ನು ಹಿಂದಕ್ಕೆ ಕಿತ್ತುಕೊಳ್ಳಬೇಕು. ಕೈ ಎಳೆಯುವುದಕ್ಕಿಂತ ಇಡೀ ಮೈ ಸರಿಸುವುದು ಸುಲಭ ಎಂದು ಮಾಡಿ ನೋಡಿದರೆ ಗೊತ್ತಾಗುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ಕಲಿಯಲು ಹೆಚ್ಚು ಕಾಲ ಹಿಡಿಯುವುದೂ ಇದೇ. ಬಿಡಿಸಿಕೊಂಡ ಆ ಗಳಿಗೆಯಲ್ಲಿ ನಮ್ಮ ಇನ್ನೊಂದು ಕೈ ಎದುರಾಳಿಯ ಮೇಲೆ ಇರಲೇಬೇಕು. ಇದ್ದರೆ ನಮಗೆ ಒಂದು, ಅವನಿಗೆ ಸೊನ್ನೆ. ಆಗ ನುಗ್ಗಬಹುದು. ಎರಡೂ ಕೈ ಬಿಟ್ಟು ಬಿಡಿಸಿಕೊಂಡರೆ ಮತ್ತೆ ಸೊನ್ನೆಗೆ ಸೊನ್ನೆ, ಪಟ್ಟ ಪಾಡೆಲ್ಲ ವ್ಯರ್ಥ.

ಹಾಗೆಂದು ಸುಮ್ಮನೆ ಬಿಡಿಸಿಕೊಳ್ಳುತ್ತಲೇ ಓಡಾಡಲು ನಿಯಮ ಬಿಡುವುದಿಲ್ಲ. ಹಿಡಿಯಲು ಕೊಡದೆ ತಪ್ಪಿಸಿಕೊಳ್ಳುತ್ತಿದ್ದರೆ ಶಿಡೊ ಎಂಬ ದಂಡ ಬೀಳುತ್ತದೆ. ಹಿಡಿದುಕೊಂಡು ಏನೂ ಮಾಡದೆ ನಿಂತರೂ ಶಿಡೊ, ತೋಳಿನ ತುದಿಯ ಒಳಗೆ ಬೆರಳು ತೂರಿಸಿದರೂ ಶಿಡೊ. ಮೂರು ಶಿಡೊ ಆದರೆ ಸೋಲು. ಮೊದಲು ಕುಸ್ತಿಯ ಹಾಗೆ ಕಾಲು ಹಿಡಿದು ಕೆಡಹಲು ಅವಕಾಶವಿತ್ತು. 2010ರಲ್ಲಿ ಅದಕ್ಕೆ ಕಡಿವಾಣ ಹಾಕಿದರು, 2013ರಲ್ಲಿ ನಿಂತು ಆಡುವಾಗ ಕೈಯಿಂದ ಕಾಲು ಹಿಡಿಯುವುದನ್ನು ಪೂರ್ತಿ ನಿಲ್ಲಿಸಿದರು. ಕುಸ್ತಿ ಬಲ್ಲ ನಮ್ಮ ಹಿರಿಯರಿಗೆ ಇದು ಅನ್ಯಾಯ ಅನ್ನಿಸಬಹುದು, ನನಗೂ ಸ್ವಲ್ಪ ಹಾಗೇ ಅನ್ನಿಸುತ್ತದೆ. ಆದರೆ ಅದರಿಂದ ಸೊಂಟದ ಮೇಲಿನ ಹಿಡಿತಕ್ಕೆ ಇನ್ನಷ್ಟು ಮಹತ್ವ ಬಂತು.

ಕಣ್ಣು ಕಾಣದವರ ಜುಡೊ ಇದೆ. ಅಲ್ಲಿ ಪಂದ್ಯ ಶುರುವಾಗುವುದೇ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು. ಹಿಡಿತ ಪೂರ್ತಿ ತಪ್ಪಿ ದೂರವಾದರೆ ರೆಫರಿ ಪಂದ್ಯ ನಿಲ್ಲಿಸಿ ಮತ್ತೆ ಹಿಡಿಸುತ್ತಾರೆ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸಿನಲ್ಲಿ ಮಧ್ಯಪ್ರದೇಶದ ಕಪಿಲ್ ಪರ್ಮಾರ್ 60 ಕೆ.ಜಿ. ವಿಭಾಗದಲ್ಲಿ ಕಂಚು ಗೆದ್ದರು. ಒಲಿಂಪಿಕ್ಸ್, ಪ್ಯಾರಾಲಿಂಪಿಕ್ಸ್ ಎರಡನ್ನೂ ಸೇರಿಸಿ ನೋಡಿದರೆ ಜುಡೊದಲ್ಲಿ ಭಾರತಕ್ಕೆ ಬಂದ ಮೊದಲ ಪದಕ ಅದು. ಬೆರಳಿಗೆ ಸುದ್ದಿ ಬರುತ್ತದೆ ಎಂದು ಆಗಲೇ ಹೇಳಿದೆನಲ್ಲ, ಅದನ್ನು ಮಾತಿನ ಅಲಂಕಾರ ಎಂದು ತಿಳಿಯಬೇಡಿ. ನಮ್ಮ ತರಬೇತುದಾರರು ಕೆಲವು ದಿನ ನಮ್ಮ ಕಣ್ಣಿಗೂ ಬಟ್ಟೆ ಕಟ್ಟಿಸುತ್ತಾರೆ. ಮೊದಲ ದಿನ ಹೆದರಿಕೆಯಾಗುತ್ತದೆ. ನಾಲ್ಕನೇ ದಿನದ ಹೊತ್ತಿಗೆ ಎದುರಿನವರ ಹೆಜ್ಜೆ ಕೈಗೆ ಕೇಳಿಸತೊಡಗುತ್ತದೆ.

ಇದೆಲ್ಲ ದೊಡ್ಡ ಊರಿನವರ ಆಟ, ನಮ್ಮ ಗುಂಡ್ಲುಪೇಟೆ ಕಡೆಯ ಮಕ್ಕಳಿಗೆಲ್ಲಿ ಎಂದು ಅನ್ನಿಸಬಹುದು. ಬೆಳಗಾವಿ ತಾಲ್ಲೂಕಿನಲ್ಲಿ ತುರಮುರಿ ಎಂಬ ಹಳ್ಳಿಯಿದೆ. ಅಲ್ಲಿಯ ಮಲಪ್ರಭಾ ಜಾಧವ್ ಬೆಳಗಾವಿಯಲ್ಲಿ ಜುಡೊ ಕಲಿತರು. 2018ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಕುರಾಶ್ ಎಂಬ ಆಟದಲ್ಲಿ, 52 ಕೆ.ಜಿ. ವಿಭಾಗದಲ್ಲಿ ಕಂಚು ಗೆದ್ದರು. ಕುರಾಶ್ ಉಜ್ಬೇಕಿಸ್ತಾನದ ಕಡೆಯ ಕುಸ್ತಿ, ಅದರಲ್ಲೂ ಅಂಗಿ ಹಿಡಿದೇ ಎಸೆಯಬೇಕು. ಒಂದು ಅಂಗಿಯಲ್ಲಿ ಪಳಗಿದ ಕೈ ಇನ್ನೊಂದು ಅಂಗಿಯಲ್ಲೂ ಕೆಲಸ ಮಾಡಿತು. ಮಣಿಪುರದ ಲಿಂಥೋಯ್ ಚನಂಬಮ್ 2022ರಲ್ಲಿ ಸರಾಯೆವೊದಲ್ಲಿ ವಿಶ್ವ ಕೆಡೆಟ್ ಚಾಂಪಿಯನ್ ಆದರು. ಜುಡೊದಲ್ಲಿ ಯಾವುದೇ ವಯೋಮಾನದಲ್ಲಿ ಭಾರತದವರು ಗೆದ್ದ ಮೊದಲ ವಿಶ್ವ ಪ್ರಶಸ್ತಿ ಅದು. ಆ ಹುಡುಗಿ ಅಭ್ಯಾಸ ಮಾಡಿದ್ದು ನಮ್ಮದೇ ರಾಜ್ಯದಲ್ಲಿ, ಬಳ್ಳಾರಿಯ ಹತ್ತಿರದ ವಿಜಯನಗರದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ. ಶಾಲಾ ಕ್ರೀಡಾಕೂಟಗಳಲ್ಲೂ ಜುಡೊ ಇದೆ. ದಾರಿ ಇದೆ, ಆ ದಾರಿಗೆ ನಮ್ಮ ಮಕ್ಕಳು ಇನ್ನೂ ಇಳಿದಿಲ್ಲ.

ಇಲ್ಲಿ ಒಬ್ಬರ ಮಾತು ಹೇಳಬೇಕು, ಹೆಸರು ಹೇಳುವುದಿಲ್ಲ. ನನ್ನ ತರಗತಿಯಲ್ಲಿ ಕಬಡ್ಡಿ ಆಡುತ್ತಿದ್ದ ಹುಡುಗಿಯೊಬ್ಬಳಿದ್ದಳು. ಅವಳು ಪಾದದ ಗಂಟು ಹಿಡಿದರೆ ಮುಗಿಯಿತು, ಯಾವ ರೈಡರೂ ಗೆರೆ ಮುಟ್ಟುತ್ತಿರಲಿಲ್ಲ. ಜಿಲ್ಲಾ ಮಟ್ಟದ ಪಂದ್ಯಕ್ಕೆ ನಮ್ಮನ್ನೆಲ್ಲ ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದರು. ಅಲ್ಲಿ ಅವಳು ಹಿಡಿದದ್ದನ್ನು ನೋಡಿ ಬೇರೆ ಶಾಲೆಯ ದೈಹಿಕ ಶಿಕ್ಷಕರೊಬ್ಬರು, ‘ಈ ಹುಡುಗಿಯ ಕೈ ಬಿಡಬೇಡಿ’ ಎಂದು ನಮ್ಮ ಮೇಷ್ಟ್ರಿಗೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಎಸ್ಸೆಸ್ಸೆಲ್ಸಿ ಮುಗಿಯಿತು, ಆಟವೂ ಮುಗಿಯಿತು. ಮುಂದೆ ಎಲ್ಲಿ ಆಡುವುದು, ಯಾರು ಕರೆದುಕೊಂಡು ಹೋಗುವುದು, ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಆ ಕೈ ಈರುಳ್ಳಿ ಕಿತ್ತಿತು, ಚೆಂಡು ಹೂ ಬಿಡಿಸಿತು, ಹಸು ಕರೆಯಿತು. ಅವಳು ಈಗ ಈ ಸಭೆಯಲ್ಲೇ ಕೂತಿದ್ದಾಳೆ. ಅವಳ ಮಗಳು ಇದೇ ಶಾಲೆಯಲ್ಲಿ 9ನೇ ತರಗತಿ. ನಿನ್ನೆ ನಾನು ತಂದಿದ್ದ ಜುಡೊ ಅಂಗಿಯನ್ನು ಹಾಕಿಕೊಂಡು, ಮಕ್ಕಳಿಗೆ ತೋಳು ಹಿಡಿಯಲು ಹೇಳಿದೆ. ಆ ಮಗು ಹಿಡಿದದ್ದನ್ನು ಒಂದು ಕೈಯಲ್ಲಿ ಬಿಡಿಸಿಕೊಳ್ಳಲು ನನ್ನಿಂದ ಆಗಲಿಲ್ಲ. ಬೆರಳುಗಳು ಅಮ್ಮನವೇ.

ನಮ್ಮ ಮಕ್ಕಳಿಗೆ ಮುಷ್ಟಿಬಲವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ, ಹೊಲವೇ ಕೊಟ್ಟಿದೆ. ಎಲ್ಲಿ ಹಿಡಿಯಬೇಕು, ಯಾವಾಗ ಬಿಡಬೇಕು ಎಂದು ಹೇಳಿಕೊಡಬೇಕಾಗಿದೆ.

ಹೆಣ್ಣುಮಕ್ಕಳ ಬಗ್ಗೆ ತಾಯಂದಿರು ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ. ಪಂದ್ಯದಲ್ಲಿ ಹುಡುಗಿಯರಿಗೆ ಹುಡುಗಿಯರೇ ಎದುರಾಳಿ, ಅದೂ ತೂಕಕ್ಕೆ ತಕ್ಕವರು. ಜುಡೊ ಕಲಿತರೆ ದಾರಿಯಲ್ಲಿ ನಾಲ್ಕು ಜನರನ್ನು ಹೊಡೆದು ಬೀಳಿಸಬಹುದು ಎನ್ನುವುದು ಸಿನಿಮಾ ಮಾತು, ಆ ಆಸೆಗೆ ಯಾರೂ ಸೇರಬೇಡಿ. ಆದರೆ ಯಾರೋ ಬಲವಾಗಿ ಕೈ ಹಿಡಿದಾಗ ಮೈ ಮರಗಟ್ಟಿ ನಿಲ್ಲುತ್ತದಲ್ಲ, ಅದು ಕಡಿಮೆಯಾಗುತ್ತದೆ. ವಾರಕ್ಕೆ ನೂರು ಸಲ ಯಾರೋ ಹಿಡಿದು, ನೂರು ಸಲ ಬಿಡಿಸಿಕೊಂಡ ಮೈ ಅದು. ಬೀಳುವುದನ್ನೂ ಕಲಿಸುತ್ತಾರೆ, ಉಕೆಮಿ ಎಂದು. ಗಲ್ಲ ಎದೆಗೊತ್ತಿ, ತಲೆ ನೆಲಕ್ಕೆ ತಾಗದಂತೆ, ಕೈಯಿಂದ ನೆಲ ಬಡಿದು ಬೀಳುವುದು. ನನ್ನನ್ನು ಕೇಳಿದರೆ, ಎಸೆಯುವುದಕ್ಕಿಂತ ಮೊದಲೇ ಎಲ್ಲ ಶಾಲೆಯಲ್ಲೂ ಕಲಿಸಬೇಕಾದ್ದು ಅದು.

ಅಪಾಯದ ಮಾತನ್ನೂ ಮುಚ್ಚಿಡುವುದಿಲ್ಲ. ಬೆರಳ ಗಿಣ್ಣುಗಳು ನೋಯುತ್ತವೆ. ಸೋಮವಾರ ಬೆಳಿಗ್ಗೆ ಕೀಬೋರ್ಡಿನ ಮುಂದೆ ಕೂತಾಗ ನನಗೆ ಅದರ ಅರಿವಾಗುತ್ತದೆ, ಪಟ್ಟಿ ಸುತ್ತಿಕೊಂಡೇ ಟೈಪ್ ಮಾಡುತ್ತೇನೆ. ಅದು ಸಣ್ಣದು. ದೊಡ್ಡದು ತಲೆಯ ಪೆಟ್ಟು. ಜುಡೊ ಹುಟ್ಟಿದ ಜಪಾನಿನಲ್ಲೇ 1983ರಿಂದ ಸುಮಾರು ಮೂರು ದಶಕಗಳಲ್ಲಿ ಶಾಲಾ ಜುಡೊದಲ್ಲಿ 100ಕ್ಕೂ ಹೆಚ್ಚು ಮಕ್ಕಳು ಸತ್ತಿದ್ದಾರೆ, ಅದರಲ್ಲಿ ಬಹಳಷ್ಟು ತಲೆಗೆ ಪೆಟ್ಟಾಗಿ. ಅಲ್ಲಿ ತಂದೆತಾಯಿಗಳು ದನಿ ಎತ್ತಿದ ಮೇಲೆ ಎಚ್ಚರ ಹೆಚ್ಚಿತು. ಆದ್ದರಿಂದ ನನ್ನ ಕೋರಿಕೆಯಲ್ಲಿ ಚಾಪೆ ಮಾತ್ರ ಇಲ್ಲ. ತರಬೇತಾದವರು ಇಲ್ಲದೆ ಈ ಶಾಲೆಯಲ್ಲಿ ಒಂದೇ ಒಂದು ಎಸೆತವೂ ನಡೆಯಬಾರದು ಎಂದೂ ಬರೆದುಕೊಟ್ಟಿದ್ದೇನೆ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ತರಬೇತುದಾರರಿಗೆ ಜುಡೊ ಕಲಿಸುತ್ತಾರೆ. ಅಲ್ಲಿ ಕಲಿತು ಬಂದವರನ್ನು ವಾರಕ್ಕೆರಡು ದಿನ ಕರೆಸುವ ಖರ್ಚನ್ನು ನಾವು ಕೆಲವು ಹಳೆಯ ವಿದ್ಯಾರ್ಥಿಗಳು ಮೊದಲ ಎರಡು ವರ್ಷ ಹೊರಲು ಒಪ್ಪಿದ್ದೇವೆ. ಅಂಥವರು ಸಿಗದೆ ಹೋದರೆ ಚಾಪೆಯ ಹಣವನ್ನು ಸಮಿತಿ ಕಮಾನಿಗೇ ಬಳಸಲಿ, ನನ್ನ ತಕರಾರಿಲ್ಲ.

ಅವರು ಬರುವ ತನಕ ಸುಮ್ಮನಿರಬೇಕೆಂದೂ ಇಲ್ಲ. ಹಿಡಿತದ ಅಭ್ಯಾಸಕ್ಕೆ ಚಾಪೆ ಬೇಡ, ಬೀಳುವ ಪ್ರಶ್ನೆಯೇ ಇಲ್ಲ. ಗಟ್ಟಿಯಾದ ಹಳೆಯ ಜೀನ್ಸ್ ಅಂಗಿ ಎರಡು ಸಾಕು. ಇಬ್ಬರು ಎದುರುಬದುರು ನಿಲ್ಲುವುದು, 30 ಸೆಕೆಂಡು, ಯಾರು ಮೊದಲು ತೋಳು ಮತ್ತು ಎದೆಪಟ್ಟಿ ಎರಡನ್ನೂ ಹಿಡಿದು ಮೂರು ಎಣಿಸುವ ತನಕ ಉಳಿಸಿಕೊಳ್ಳುತ್ತಾರೋ ಅವರಿಗೆ ಒಂದು ಅಂಕ. ತಳ್ಳುವುದು, ಕಾಲು ಕೊಡುವುದು, ಕೆಡಹುವುದು ಇಲ್ಲ. ಬೇವಿನ ಮರದ ಕೊಂಬೆಗೆ ದಪ್ಪ ಟವೆಲ್ ಹಾಕಿ, ಎರಡು ತುದಿ ಹಿಡಿದು ನೇತಾಡುವುದು. 20 ಸೆಕೆಂಡಿನಿಂದ ಶುರು ಮಾಡಿ. ನೇತಾಡುವಾಗ ಹೆಬ್ಬೆರಳನ್ನು ಸಡಿಲ ಬಿಟ್ಟು ನೋಡಿ, ನಾನು ಆಗಲೇ ಹೇಳಿದ ಮೂರು ಬೆರಳಿನ ಲೆಕ್ಕ ಅರ್ಥವಾಗುತ್ತದೆ. ದೊಡ್ಡ ದೊಡ್ಡ ಆಟಗಾರರೂ ಜುಡೊ ಅಂಗಿಯನ್ನೇ ಕಂಬಿಗೆ ಹಾಕಿ ಹೀಗೆ ನೇತಾಡುತ್ತಾರೆ. ಕೊಂಬೆ ಗಟ್ಟಿ ಇದೆಯೇ ಎಂದು ದೈಹಿಕ ಶಿಕ್ಷಕರಿಂದ ನೋಡಿಸಿಕೊಳ್ಳಿ.

ಸಮಿತಿ ಸಭೆ ಮುಂದಿನ ಭಾನುವಾರ ಇದೆ, ಚಾಪೆಯ ಬೆಲೆಪಟ್ಟಿಯನ್ನು ಕಾರ್ಯದರ್ಶಿಗಳ ಕೈಗೆ ಕೊಟ್ಟಿದ್ದೇನೆ. ಒಪ್ಪುವವರೂ ಬರಲಿ, ಒಪ್ಪದವರು ತಪ್ಪದೆ ಬರಲಿ. ಈ ಹೊತ್ತು ಊಟವಾದ ಮೇಲೆ 9ನೇ ತರಗತಿಯ ಕೋಣೆಯಲ್ಲಿ ಎರಡು ಜುಡೊ ಅಂಗಿ ಇಟ್ಟಿರುತ್ತೇನೆ. ಮಕ್ಕಳು, ಮೇಷ್ಟ್ರುಗಳು, ಹಿಂದೆ ಗರಡಿ ಆಡಿದ ಹಿರಿಯರು, ಕಬಡ್ಡಿ ಬಿಟ್ಟು ಇಪ್ಪತ್ತು ವರ್ಷವಾದ ನನ್ನ ಸಹಪಾಠಿಗಳು, ಯಾರು ಬೇಕಾದರೂ ಬಂದು ಹಿಡಿದು ನೋಡಬಹುದು. ಉಗುರು ಕತ್ತರಿಸಿಕೊಂಡು ಬನ್ನಿ, ಉಂಗುರ ಬಳೆ ತೆಗೆದಿಟ್ಟು ಬನ್ನಿ.